ಜೈಲಿನಲ್ಲಿರುವವರಿಗೆ ವ್ಯಸನಮುಕ್ತಿಯ ಪತ್ರ: ಮನೆಯವರು ತಿಳಿದಿರಬೇಕಾದ ಸಂಗತಿಗಳು

ವಾಸ್ಕೊ (ಗೋವಾ): ಬಂದರು, ಹಡಗುಕಟ್ಟೆ, ಕಟ್ಟಡ ಕೆಲಸ ಮತ್ತು ಮೀನುಗಾರಿಕೆಯನ್ನು ನಂಬಿ ಉತ್ತರ ಕರ್ನಾಟಕದಿಂದ ಬಂದ ಅನೇಕ ಕುಟುಂಬಗಳು ವಾಸ್ಕೊ ನಗರದ ಮಂಗೋರ್ ಹಿಲ್, ಬಯ್ನಾ, ಸಡಾ ಹಾಗೂ ಹತ್ತಿರದ ಝುವಾರಿನಗರದಲ್ಲಿ ನೆಲೆಸಿವೆ. ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳ, ಬೆಳಗಾವಿ ಜಿಲ್ಲೆಗಳ ಎಷ್ಟೋ ಹಳ್ಳಿಗಳಲ್ಲಿ ಈ ಹೆಸರುಗಳು ಮನೆಮಾತಾಗಿವೆ. ಇಂಥ ಮನೆಯೊಂದರ ಮಗನೋ ಗಂಡನೋ ಅಣ್ಣನೋ ಕುಡಿತದ ಜಗಳದಲ್ಲಿ ಅಥವಾ ಗಾಂಜಾ ಪ್ರಕರಣದಲ್ಲಿ ಜೈಲು ಸೇರಿದಾಗ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಜಾಮೀನು ಯಾವಾಗ? ಇನ್ನೊಂದು ಪ್ರಶ್ನೆಯನ್ನು ಕೇಳುವವರು ಕಡಿಮೆ: ಹೊರಗೆ ಬಂದ ಮೇಲೆ ಮತ್ತೆ ಅದೇ ಚಟಕ್ಕೆ ಬಿದ್ದರೆ ಗತಿಯೇನು?

ಈ ಲೇಖನ ಆ ಎರಡನೇ ಪ್ರಶ್ನೆಯನ್ನು ಕುರಿತದ್ದು. ಜೈಲಿಗೆ ಮತ್ತೆ ಮತ್ತೆ ಹೋಗಿ ಭೇಟಿಯಾಗಲು ಎಲ್ಲರಿಗೂ ಆಗುವುದಿಲ್ಲ. ಆದರೆ ಪತ್ರ ಬರೆಯಲು ಆಗುತ್ತದೆ. ಕುಡಿತ ಅಥವಾ ಮಾದಕ ಪದಾರ್ಥದ ಚಟ ಬಿಡಲು ಹೆಣಗುತ್ತಿರುವ ಕೈದಿಗೆ ಪತ್ರದ ಮೂಲಕ ಹೇಗೆ ನೆರವಾಗಬಹುದು, ಯಾವುದನ್ನು ಬರೆಯಬಾರದು, ಪತ್ರದಿಂದ ಆಗದ ಕೆಲಸ ಯಾವುದು ಎಂಬುದನ್ನು ಇಲ್ಲಿ ಕೊಡಲಾಗಿದೆ.

ಮಂಗೋರ್ ಹಿಲ್‌ನಿಂದ ಕೊಲ್ವಾಳ್‌ಗೆ

ಹಿಂದೆ ಗೋವಾದ ಕೇಂದ್ರ ಕಾರಾಗೃಹ ಅಗ್ವಾದ ಕೋಟೆಯಲ್ಲಿತ್ತು. 1612ರಲ್ಲಿ ಪೋರ್ಚುಗೀಸರು ಕಟ್ಟಿದ ಈ ಕೋಟೆಯ ಜೈಲು 2015ರಲ್ಲಿ ಮುಚ್ಚಿತು. ಕೈದಿಗಳನ್ನು ಬಾರ್ದೇಸ್ ತಾಲೂಕಿನ ಕೊಲ್ವಾಳ್‌ನ ಹೊಸ ಕೇಂದ್ರ ಕಾರಾಗೃಹಕ್ಕೆ ಸಾಗಿಸಲಾಯಿತು. ಅಗ್ವಾದದ ಹಳೆಯ ಜೈಲು 2021ರ ಡಿಸೆಂಬರ್‌ನಿಂದ ವಸ್ತುಸಂಗ್ರಹಾಲಯವಾಗಿದೆ. ವಾಸ್ಕೊದವರಿಗೆ ಹತ್ತಿರವಾಗಿದ್ದ ಸಡಾ ಸಬ್‌ಜೈಲಿನ ಕಾಲವೂ ಮುಗಿಯಿತು.

ಈಗ ಮಂಗೋರ್ ಹಿಲ್‌ನ ತಾಯಿಯೊಬ್ಬಳು ಮಗನನ್ನು ನೋಡಬೇಕಾದರೆ ವಾಸ್ಕೊದಿಂದ ಪಣಜಿಗೆ, ಪಣಜಿಯಿಂದ ಮಾಪುಸಾಕ್ಕೆ, ಮಾಪುಸಾದಿಂದ ಕೊಲ್ವಾಳ್‌ಗೆ ಬಸ್ಸು ಬದಲಿಸಬೇಕು. ಒಂದು ಕಡೆಗೆ ಸುಮಾರು 50 ಕಿಲೋಮೀಟರ್. ದಿನಗೂಲಿಯವರಿಗೆ ಒಂದು ಭೇಟಿ ಎಂದರೆ ಒಂದು ದಿನದ ಪಗಾರ ಹೋದಂತೆ. ಬಾದಾಮಿ, ರೋಣ ಕಡೆಯ ಹಳ್ಳಿಯಲ್ಲಿರುವ ತಂದೆಗಂತೂ ಹುಬ್ಬಳ್ಳಿ, ಲೋಂಡಾ, ಕ್ಯಾಸಲ್‌ರಾಕ್ ದಾಟಿ ಬರುವ ಎರಡು ದಿನದ ಪ್ರಯಾಣ. ಇದಕ್ಕೆ ವಿರುದ್ಧವಾಗಿ ಗೋವಾದಲ್ಲಿ ದುಡಿಯುವವರ ತಮ್ಮನೋ ಭಾವನೋ ಗೋವಾ ಮದ್ಯ ಸಾಗಿಸುವಾಗ ಮಾಜಾಳಿ ಅಥವಾ ಅನಮೋಡ ಚೆಕ್‌ಪೋಸ್ಟಿನಲ್ಲಿ ಸಿಕ್ಕಿಬಿದ್ದು ಕರ್ನಾಟಕದ ಜೈಲು ಸೇರಿದರೆ, ಇದೇ ದೂರವನ್ನು ಮಂಗೋರ್ ಹಿಲ್‌ನವರು ತಿರುಗಿ ಸವೆಸಬೇಕು.

2020ರ ಜೂನ್‌ನಲ್ಲಿ ಮಂಗೋರ್ ಹಿಲ್ ಗೋವಾದ ಮೊದಲ ಕೋವಿಡ್ ಕಂಟೈನ್‌ಮೆಂಟ್ ವಲಯವಾದಾಗ ಅಲ್ಲಿನ ಜನರೇ ಮನೆಬಿಟ್ಟು ಹೊರಗೆ ಹೋಗುವಂತಿರಲಿಲ್ಲ. ಹೊರಗಿನವರ ಒಂದು ಮಾತಿಗೆ ಎಷ್ಟು ಬೆಲೆ ಇದೆ ಎಂಬುದು ಆ ದಿನಗಳನ್ನು ಕಂಡವರಿಗೆ ಗೊತ್ತು.

ಜೈಲಿನಲ್ಲಿ ಚಟ ತಾನಾಗಿ ಬಿಡುವುದೇ?

"ಒಳಗೆ ಹೋದನಲ್ಲ, ಇನ್ನು ಕುಡಿತ ಬಿಟ್ಟೇ ಬಿಡುತ್ತಾನೆ" ಎಂದು ಅನೇಕರು ಭಾವಿಸುತ್ತಾರೆ. ಕುಡಿಯಲು ಸಿಗದಿರುವುದು ಬೇರೆ, ಕುಡಿತದ ರೋಗ ವಾಸಿಯಾಗುವುದು ಬೇರೆ. ಅವಕಾಶ ಸಿಗದೆ ಒಂದು ವರ್ಷ ಕುಡಿಯದಿದ್ದವನು ಬಿಡುಗಡೆಯಾದ ಸಂಜೆಯೇ ಬಾರಿನ ಬಾಗಿಲಲ್ಲಿ ನಿಲ್ಲಬಹುದು. ಜೈಲಿನೊಳಕ್ಕೆ ಮಾದಕ ವಸ್ತು ನುಸುಳಿದ ಸುದ್ದಿಗಳನ್ನೂ ನಾವು ಆಗಾಗ ಓದುತ್ತೇವೆ.

ಬೆಂಗಳೂರಿನ ಪರಪ್ಪನ ಅಗ್ರಹಾರ ಕೇಂದ್ರ ಕಾರಾಗೃಹದಲ್ಲಿ ನಿಮ್ಹಾನ್ಸ್ ವೈದ್ಯರು ನಡೆಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. 5,024 ಕೈದಿಗಳನ್ನು ಪರೀಕ್ಷಿಸಿದಾಗ ಅವರಲ್ಲಿ ಶೇ. 79.6ರಷ್ಟು ಜನರಿಗೆ ಮಾನಸಿಕ ತೊಂದರೆ ಅಥವಾ ಮಾದಕ ಪದಾರ್ಥಗಳ ಬಳಕೆಯ ತೊಂದರೆ ಕಂಡುಬಂತು. ವ್ಯಸನವನ್ನು ಲೆಕ್ಕದಿಂದ ತೆಗೆದ ಮೇಲೂ ಶೇ. 27.6ರಷ್ಟು ಜನರಿಗೆ ಮಾನಸಿಕ ಕಾಯಿಲೆ ಇತ್ತು. ಹೀಗಾಗಿ ಕೈದಿಗಳಲ್ಲಿ ಬಹುಪಾಲು ಜನರಿಗೆ ಬೇಕಾದದ್ದು ಕಾವಲು ಮಾತ್ರವಲ್ಲ, ಚಿಕಿತ್ಸೆಯೂ ಹೌದು.

ಜೈಲಿನ ಹೊರಗಿನ ಚಿತ್ರವೂ ನೆನಪಿರಲಿ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದಿಲ್ಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದ 10ರಿಂದ 75 ವಯಸ್ಸಿನವರಲ್ಲಿ ಶೇ. 14.6ರಷ್ಟು ಜನ, ಅಂದರೆ ಸುಮಾರು 16 ಕೋಟಿ ಮಂದಿ, ಮದ್ಯ ಸೇವಿಸುತ್ತಾರೆ. ಮದ್ಯಸೇವನೆ ಹೆಚ್ಚಿರುವ ರಾಜ್ಯಗಳ ಪಟ್ಟಿಯಲ್ಲಿ ಗೋವಾ ಕೂಡ ಇತ್ತು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಗೋವಾದಲ್ಲಿ ಕಡಿಮೆ ಬೆಲೆಗೆ ಮದ್ಯ ಸಿಗುತ್ತದೆ ಎಂಬುದನ್ನು ಗಡಿಯ ಹಳ್ಳಿಯವರಿಗೆ ಹೇಳಿಕೊಡಬೇಕಾಗಿಲ್ಲ.

ಮೊದಲ ಪತ್ರ ಕೈದಿಗೆ ಅಲ್ಲ, ಅಧಿಕಾರಿಗೆ

ಇದು ಈ ಲೇಖನದ ಅತಿ ಮುಖ್ಯ ಭಾಗ. ದಿನವೂ ವಿಪರೀತ ಕುಡಿಯುತ್ತಿದ್ದವನಿಗೆ ಮದ್ಯ ಏಕಾಏಕಿ ನಿಂತರೆ ಜೀವಕ್ಕೇ ಅಪಾಯವಾಗಬಹುದು. ಮೊದಲು ಕೈ ನಡುಕ, ಬೆವರು, ವಾಂತಿ, ನಿದ್ದೆ ಇಲ್ಲದಿರುವುದು ಕಾಣಿಸುತ್ತದೆ. ಸಾಮಾನ್ಯವಾಗಿ 6ರಿಂದ 48 ಗಂಟೆಗಳೊಳಗೆ ಫಿಟ್ಸ್ ಬರಬಹುದು. 2ರಿಂದ 4 ದಿನಗಳ ನಡುವೆ ಕೆಲವರಿಗೆ ದಿಕ್ಕು ತಪ್ಪಿದಂತಾಗಿ, ಇಲ್ಲದ್ದು ಕಾಣಿಸಿ, ಜ್ವರ ಏರುತ್ತದೆ. ಇದನ್ನು "ಹುಚ್ಚು ಹಿಡಿಯಿತು" ಅಥವಾ "ನಾಟಕ ಮಾಡುತ್ತಾನೆ" ಎಂದು ತಿಳಿಯಬಾರದು. ಇದು ಆಸ್ಪತ್ರೆಯಲ್ಲಿ ನೋಡಬೇಕಾದ ತುರ್ತು ಸ್ಥಿತಿ.

ಆದ್ದರಿಂದ ಬಂಧನವಾದ ದಿನವೇ ಪೊಲೀಸರಿಗೆ ಮತ್ತು ವಕೀಲರಿಗೆ ಈ ವಿಷಯ ತಿಳಿಸಿ. ಬಂಧಿತರ ವೈದ್ಯಕೀಯ ಪರೀಕ್ಷೆಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 53ನೇ ಕಲಮಿನಲ್ಲಿ ಅವಕಾಶವಿದೆ. ಜೈಲಿಗೆ ಕಳುಹಿಸಿದ ಕೂಡಲೇ ಜೈಲು ಸೂಪರಿಂಟೆಂಡೆಂಟರಿಗೆ ಒಂದು ಪುಟದ ಅರ್ಜಿ ಕೊಡಿ. ಅದರಲ್ಲಿ ಇವಿಷ್ಟು ಇರಲಿ:

1. ಕೈದಿಯ ಹೆಸರು, ತಂದೆಯ ಹೆಸರು, ವಯಸ್ಸು, ಪ್ರಕರಣದ ಸಂಖ್ಯೆ.
2. ಯಾವ ಪದಾರ್ಥ, ಎಷ್ಟು ವರ್ಷದಿಂದ, ದಿನಕ್ಕೆ ಸುಮಾರು ಎಷ್ಟು, ಕೊನೆಯ ಬಾರಿ ಸೇವಿಸಿದ್ದು ಯಾವಾಗ.
3. ಹಿಂದೆ ಫಿಟ್ಸ್ ಬಂದಿತ್ತೇ, ಆತ್ಮಹತ್ಯೆಗೆ ಯತ್ನಿಸಿದ್ದನೇ, ಆಸ್ಪತ್ರೆಗೆ ಸೇರಿಸಿದ್ದಿರೇ.
4. ಈಗ ನುಂಗುತ್ತಿರುವ ಮಾತ್ರೆಗಳು ಮತ್ತು ವೈದ್ಯರ ಚೀಟಿಯ ನಕಲು.
5. ಜೈಲು ವೈದ್ಯರು ಪರೀಕ್ಷಿಸಬೇಕೆಂಬ ಕೋರಿಕೆ.

ಈ ಅರ್ಜಿಯನ್ನು ಅಂಚೆಗೆ ಹಾಕಿ ಕಾಯಬೇಡಿ. ಕೈಯಾರೆ ಅಥವಾ ವಕೀಲರ ಮೂಲಕ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಗಾಂಜಾ, ಬ್ರೌನ್ ಶುಗರ್‌ನಂಥ ವಸ್ತುಗಳ ವಿಷಯ ಬರೆಯುವಾಗ ಅದು ಪ್ರಕರಣಕ್ಕೂ ತಾಗಬಹುದಾದ್ದರಿಂದ ಮೊದಲು ವಕೀಲರಿಗೆ ತೋರಿಸಿ. ಆದರೆ ತಡ ಮಾಡಬೇಡಿ.

ಪತ್ರದ ಮೂಲಕ ಚಟ ಬಿಡಿಸುವ ಪದ್ಧತಿ ಎಲ್ಲಿಂದ ಬಂತು?

ಕುಡಿತ ಬಿಟ್ಟವರೇ ಕುಡಿತ ಬಿಡಬೇಕೆನ್ನುವವರಿಗೆ ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ (ಎ.ಎ.) ಅಮೆರಿಕದ ಓಹಾಯೊ ರಾಜ್ಯದ ಏಕ್ರನ್ ನಗರದಲ್ಲಿ 1935ರಲ್ಲಿ ಶುರುವಾಯಿತು. ಆಗ ಗುಂಪುಗಳಿದ್ದದ್ದು ಕೆಲವೇ ಊರುಗಳಲ್ಲಿ. 1941ರ ಮಾರ್ಚ್ 1ರಂದು ಅಲ್ಲಿನ ಒಂದು ಜನಪ್ರಿಯ ವಾರಪತ್ರಿಕೆ ಎ.ಎ. ಬಗ್ಗೆ ಲೇಖನ ಪ್ರಕಟಿಸಿದಾಗ ನ್ಯೂಯಾರ್ಕಿನ ಪುಟ್ಟ ಕಚೇರಿಗೆ ಸಾವಿರಾರು ಪತ್ರಗಳು ಬಂದವು. ಗುಂಪೇ ಇಲ್ಲದ ಊರುಗಳ ಎಷ್ಟೋ ಜನ ಪತ್ರ ಮತ್ತು ಪುಸ್ತಕ ಎರಡನ್ನೇ ಹಿಡಿದು ಕುಡಿತ ಬಿಡಲು ತೊಡಗಿದರು. 1942ರಲ್ಲಿ ಕ್ಯಾಲಿಫೋರ್ನಿಯಾದ ಸಾನ್ ಕ್ವೆಂಟಿನ್ ಜೈಲಿನಲ್ಲಿ ಎ.ಎ. ಗುಂಪು ಆರಂಭವಾಯಿತು. ಜೈಲಿನೊಳಗಿನ ಮೊದಲ ಗುಂಪು ಅದು. ಭಾರತದಲ್ಲಿ ಎ.ಎ. 1957ರಿಂದ ಇದೆ.

ಅಮೆರಿಕ ಮತ್ತು ಕೆನಡಾದಲ್ಲಿ ಎ.ಎ. ಸದಸ್ಯರು ಕೈದಿಗಳೊಂದಿಗೆ ಪತ್ರವ್ಯವಹಾರ ನಡೆಸುವ ವ್ಯವಸ್ಥೆ ಈಗಲೂ ಇದೆ. ಅದರ ಕಟ್ಟಳೆಗಳು ನಮಗೂ ಪಾಠ. ಗಂಡಸರು ಗಂಡಸರಿಗೆ, ಹೆಂಗಸರು ಹೆಂಗಸರಿಗೆ ಮಾತ್ರ ಬರೆಯುತ್ತಾರೆ. ಒಂದೇ ಪ್ರದೇಶದವರನ್ನು ಜೋಡಿಸುವುದಿಲ್ಲ. ಪತ್ರದ ವಿಷಯ ಕುಡಿತ ಬಿಟ್ಟ ಅನುಭವವೇ ಹೊರತು ಗೆಳೆತನ, ಪ್ರೇಮ, ಹಣ, ಕೋರ್ಟು ಅಲ್ಲ. ಬರೆಯುವವರು ಬುದ್ಧಿ ಹೇಳುವುದಿಲ್ಲ. "ನನಗೆ ಹೀಗಾಗಿತ್ತು, ನಾನು ಹೀಗೆ ಮಾಡಿದೆ" ಎಂದಷ್ಟೇ ತಿಳಿಸುತ್ತಾರೆ.

ಮನೆಯವರು ಬರೆಯುವ ಪತ್ರ ಇದಕ್ಕಿಂತ ಬೇರೆ. ಮನೆಯವರು ಕುಡಿತದ ಪೆಟ್ಟು ತಿಂದವರು. ಹೆಂಡತಿಯ ಮನಸ್ಸಿನಲ್ಲಿ ಸಿಟ್ಟಿದೆ, ತಾಯಿಯ ಮನಸ್ಸಿನಲ್ಲಿ ಭಯವಿದೆ. ಆದ್ದರಿಂದ ಸಾಧ್ಯವಾದರೆ ಎರಡು ಕಡೆಯಿಂದ ಪತ್ರ ಹೋಗಲಿ: ಮನೆಯಿಂದ ಒಂದು, ಕುಡಿತ ಬಿಟ್ಟು ಬಹಳ ವರ್ಷವಾದ ಒಬ್ಬ ಹಿರಿಯರಿಂದ ಇನ್ನೊಂದು. ಮೊದಲನೆಯದು ನಿನಗೆ ಮನೆಯಿದೆ ಎಂದು ತಿಳಿಸುತ್ತದೆ. ಎರಡನೆಯದು ದಾರಿಯಿದೆ ಎಂದು ತೋರಿಸುತ್ತದೆ.

ನಮ್ಮ ಕಡೆ ಇಂಥ ಹಿರಿಯರನ್ನು ಎಲ್ಲಿ ಹುಡುಕುವುದು? ಗೋವಾ ಮತ್ತು ಕರ್ನಾಟಕ ಎರಡರಲ್ಲೂ ಎ.ಎ. ಸಭೆಗಳು ನಡೆಯುತ್ತವೆ. ಅವುಗಳಿಗೆ ಶುಲ್ಕವಿಲ್ಲ. 1981ರಲ್ಲಿ ಮುಂಬೈಯ ಬಾಂದ್ರಾದಲ್ಲಿ ಫಾದರ್ ಜೋ ಪಿರೇರಾ ಆರಂಭಿಸಿದ ಕೃಪಾ ಫೌಂಡೇಶನ್ ಗೋವಾದಲ್ಲೂ ಕೆಲಸ ಮಾಡಿದೆ. ಕರ್ನಾಟಕದ ಹಳ್ಳಿಗಳಲ್ಲಿ ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ಪರಿಚಿತ. ಶಿಬಿರ ಮುಗಿಸಿದವರಿಗಾಗಿ ನವಜೀವನ ಸಮಿತಿಗಳಿವೆ. ನಿಮ್ಮ ಊರಿನಲ್ಲಿ ಶಿಬಿರ ಮುಗಿಸಿ ಗಟ್ಟಿಯಾಗಿ ನಿಂತ ಯಾರಾದರೂ ಇದ್ದರೆ ಅವರನ್ನೇ ಕೇಳಿ ನೋಡಿ. ಅವರ ಕನ್ನಡವೂ ನಿಮ್ಮ ಹುಡುಗನ ಕನ್ನಡವೂ ಒಂದೇ ಆಗಿರುತ್ತದೆ.

ಪತ್ರದಿಂದ ನಿಜವಾಗಿ ಪ್ರಯೋಜನವಿದೆಯೇ?

ಪತ್ರವೇ ಔಷಧ ಎಂದು ಯಾರೂ ಹೇಳುವುದಿಲ್ಲ. ಆದರೆ ಪತ್ರಕ್ಕೆ ಶಕ್ತಿಯಿದೆ ಎನ್ನಲು ಒಂದು ಪ್ರಸಿದ್ಧ ಆಧಾರವಿದೆ. ಸಾನ್ ಫ್ರಾನ್ಸಿಸ್ಕೊದ ಮನೋವೈದ್ಯ ಜೆರೋಮ್ ಮೋಟೊ ಆಸ್ಪತ್ರೆಯಿಂದ ಮನೆಗೆ ಹೋದ ಮೇಲೆ ಚಿಕಿತ್ಸೆ ಮುಂದುವರಿಸಲು ಒಪ್ಪದ 843 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಐದು ವರ್ಷಗಳಲ್ಲಿ 24 ಚಿಕ್ಕ ಪತ್ರಗಳು ಹೋದವು. ಮೊದಲು ತಿಂಗಳಿಗೊಂದು, ಆಮೇಲೆ ಎರಡು ತಿಂಗಳಿಗೊಂದು, ಕೊನೆಗೆ ಮೂರು ತಿಂಗಳಿಗೊಂದು. ಪತ್ರದಲ್ಲಿ ಬೇಡಿಕೆ ಇಲ್ಲ, ಉಪದೇಶ ಇಲ್ಲ. ನಿಮ್ಮ ನೆನಪಿದೆ, ಬೇಕಾದರೆ ಬರೆಯಿರಿ ಎಂಬಷ್ಟೇ ಅರ್ಥದ ಮಾತು. ಮೊದಲ ಎರಡು ವರ್ಷಗಳಲ್ಲಿ ಪತ್ರ ಪಡೆದವರಲ್ಲಿ ಆತ್ಮಹತ್ಯೆಗಳು ಕಡಿಮೆಯಾಗಿದ್ದವು. 2001ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಅವರು ಕೈದಿಗಳಲ್ಲ, ಅದು ವ್ಯಸನದ ಅಧ್ಯಯನವೂ ಅಲ್ಲ. ಆದರೂ ಪತ್ರ ಹೇಗಿರಬೇಕು ಎಂಬುದಕ್ಕೆ ಅದು ಮಾದರಿ.

ಗೋವಾದಲ್ಲೇ ನಡೆದ ಇನ್ನೊಂದು ಕೆಲಸವನ್ನೂ ಹೇಳಬೇಕು. ಸಂಗಾತ್ ಸಂಸ್ಥೆಯವರು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ, ಹಾನಿಕರ ಮಟ್ಟದಲ್ಲಿ ಕುಡಿಯುವ 377 ಗಂಡಸರ ಮೇಲೆ ನಡೆಸಿದ ಪ್ರಯೋಗ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಡಾಕ್ಟರಲ್ಲದ, ತರಬೇತಿ ಪಡೆದ ಸಾಮಾನ್ಯ ಜನರೇ ಕೆಲವು ಬಾರಿ ಕೂತು ಮಾತಾಡಿದ್ದರು. ಮೂರು ತಿಂಗಳ ಬಳಿಕ ಹಾನಿಕರ ಕುಡಿತದಿಂದ ಹೊರಬಂದವರು ಈ ಗುಂಪಿನಲ್ಲಿ ಶೇ. 36, ಉಳಿದವರಲ್ಲಿ ಶೇ. 26. ಇದು ಪತ್ರದಿಂದ ಅಲ್ಲ, ಮುಖಾಮುಖಿ ಮಾತಿನಿಂದ ಆದದ್ದು. ಆದರೆ ದೊಡ್ಡ ಓದು ಇಲ್ಲದವರೂ ಕ್ರಮ ತಿಳಿದು ಮಾತಾಡಿದರೆ ಕೆಲಸವಾಗುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಜೈಲಿನ ನಿಯಮಗಳು

* ಪತ್ರವನ್ನು ಜೈಲಿನ ಅಧಿಕಾರಿಗಳು ಓದುತ್ತಾರೆ. ಹೋಗುವ ಪತ್ರ, ಬರುವ ಪತ್ರ ಎರಡನ್ನೂ ಓದಬಹುದು. ಇದನ್ನು ಮರೆತು ಒಂದು ಸಾಲೂ ಬರೆಯಬೇಡಿ.

* ಕೈದಿ ತಿಂಗಳಿಗೆ ಎಷ್ಟು ಪತ್ರ ಬರೆಯಬಹುದು ಎಂಬುದು ರಾಜ್ಯದಿಂದ ರಾಜ್ಯಕ್ಕೆ, ವಿಚಾರಣಾಧೀನ ಕೈದಿಗೂ ಶಿಕ್ಷೆಯಾದವನಿಗೂ ಬೇರೆ ಬೇರೆ. ಮೊದಲ ಭೇಟಿಯಲ್ಲೇ ಕೇಳಿ ತಿಳಿಯಿರಿ. ಉತ್ತರ ಬರಲಿಲ್ಲವೆಂದರೆ ಅವನು ಮರೆತನೆಂದು ಅರ್ಥವಲ್ಲ.

* ಲಕೋಟೆಯ ಮೇಲೆ ಕೈದಿಯ ಪೂರ್ಣ ಹೆಸರು, ತಂದೆಯ ಹೆಸರು, ಕೈದಿ ಸಂಖ್ಯೆ ಇದ್ದರೆ ಅದು, ಜೈಲಿನ ಹೆಸರು, ಪಿನ್‌ಕೋಡ್ ಬರೆಯಿರಿ. ಒಂದೇ ಹೆಸರಿನ ಹಲವರು ಒಳಗಿರಬಹುದು.

* ಲಕೋಟೆಯಲ್ಲಿ ನೋಟು, ಮಾತ್ರೆ, ತಂಬಾಕು, ಗುಟ್ಕಾ, ವಿಭೂತಿಯ ಪೊಟ್ಟಣ ಏನನ್ನೂ ಇಡಬೇಡಿ. ಪುಡಿಯಂಥದ್ದು ಕಂಡರೆ ಪತ್ರವೂ ಹೋಗುತ್ತದೆ, ಹುಡುಗನ ಮೇಲೆ ಅನುಮಾನವೂ ಬರುತ್ತದೆ. ದೇವರ ಪ್ರಸಾದವಾದರೂ ಅಷ್ಟೇ.

* ಮುಖ್ಯ ಕಾಗದಗಳಿಗೆ ಸ್ಪೀಡ್ ಪೋಸ್ಟ್ ಬಳಸಿ. 2025ರಿಂದ ರಿಜಿಸ್ಟರ್ ಪೋಸ್ಟ್ ಪ್ರತ್ಯೇಕ ಸೇವೆಯಾಗಿ ಉಳಿದಿಲ್ಲ, ಅದನ್ನು ಸ್ಪೀಡ್ ಪೋಸ್ಟಿನಲ್ಲಿ ಸೇರಿಸಲಾಗಿದೆ. ಮಾಮೂಲಿ ಕ್ಷೇಮದ ಪತ್ರಕ್ಕೆ ಇನ್‌ಲ್ಯಾಂಡ್ ಲೆಟರ್ ಸಾಕು.

ಕನ್ನಡದಲ್ಲಿ ಬರೆಯಬೇಕೇ, ಬೇರೆ ಭಾಷೆಯಲ್ಲೇ?

ಗಡಿಭಾಗದವರಿಗೆ ಇದು ದೊಡ್ಡ ಪ್ರಶ್ನೆ. ಗೋವಾದ ಜೈಲಿನಲ್ಲಿ ಪತ್ರ ಓದಿ ಬಿಡುವ ಸಿಬ್ಬಂದಿಗೆ ಕೊಂಕಣಿ, ಮರಾಠಿ, ಹಿಂದಿ, ಇಂಗ್ಲಿಷ್ ಸುಲಭ. ಕನ್ನಡ ಬಲ್ಲವರು ಆ ದಿನ ಇಲ್ಲದಿದ್ದರೆ ಪತ್ರ ಕೈಸೇರಲು ತಡವಾಗಬಹುದು. ಹಾಗೆಂದು ಕನ್ನಡ ಬಿಡಬೇಕಾಗಿಲ್ಲ. ಕನ್ನಡ ಪತ್ರಕ್ಕೆ ಏನು ವ್ಯವಸ್ಥೆ ಇದೆ ಎಂದು ಕಚೇರಿಯಲ್ಲಿ ಕೇಳಿ. ಮನೆಯ ಮಕ್ಕಳು ಗೋವಾದ ಶಾಲೆಯಲ್ಲಿ ಓದುತ್ತಿದ್ದರೆ ಮುಖ್ಯ ಸುದ್ದಿಯನ್ನು ದೇವನಾಗರಿಯಲ್ಲಿ ನಾಲ್ಕು ಸಾಲು ಬರೆಸಿ, ಉಳಿದದ್ದನ್ನು ಕನ್ನಡದಲ್ಲಿ ಬರೆಯಿರಿ. ಕರ್ನಾಟಕದ ಜೈಲಿನಲ್ಲಿರುವ ಮರಾಠಿ ಅಥವಾ ಕೊಂಕಣಿ ಮನೆಮಾತಿನವರಿಗೆ ಇದೇ ಮಾತು ತಿರುವುಮುರುವಾಗಿ ಅನ್ವಯಿಸುತ್ತದೆ.

ಒಂದು ಎಚ್ಚರಿಕೆ: ಒಗಟಿನ ಮಾತು, ಮನೆಯವರಿಗಷ್ಟೇ ಗೊತ್ತಿರುವ ಅಡ್ಡಹೆಸರು, ಸಂಕೇತದಂತೆ ಕಾಣುವ ಅಂಕಿ ಬೇಡ. ನಿಮಗೆ ತಮಾಷೆ ಎನಿಸಿದ್ದು ಓದುವವರಿಗೆ ಗುಪ್ತ ಸಂದೇಶ ಎನಿಸಬಹುದು.

ಬರೆಯಲು ಬಾರದ ತಾಯಂದಿರು ಪಕ್ಕದ ಮನೆಯ ಹುಡುಗಿಯಿಂದಲೋ ಟೀಚರರಿಂದಲೋ ಬರೆಸಬಹುದು. ಆದರೆ ಕೈದಿಯ ಸ್ವಂತ ಮಗುವಿನ ಕೈಯಲ್ಲಿ ದೊಡ್ಡವರ ನೋವನ್ನು ಬರೆಸಬೇಡಿ. "ನಿಮ್ಮಪ್ಪನಿಂದ ನಮ್ಮ ಮಾನ ಹೋಯಿತು ಅಂತ ಬರಿ" ಎಂದು ಹತ್ತು ವರ್ಷದ ಮಗುವಿಗೆ ಹೇಳಿದರೆ ಆ ಸಾಲು ಅಪ್ಪನಿಗಿಂತ ಮಗುವಿಗೇ ಹೆಚ್ಚು ಚುಚ್ಚುತ್ತದೆ. ಮಗು ತನ್ನ ಶಾಲೆಯ ಸುದ್ದಿ ಬರೆಯಲಿ, ಚಿತ್ರ ಬಿಡಿಸಲಿ.

ಏನು ಬರೆಯಬೇಕು?

ನಮ್ಮ ಹಿರಿಯರ ಪತ್ರದ ಕ್ರಮವೇ ಇಲ್ಲಿ ಒಳ್ಳೆಯದು. ಮೊದಲು ಕ್ಷೇಮ, ಆಮೇಲೆ ಊರ ಸುದ್ದಿ, ಆಮೇಲೆ ಮುಖ್ಯ ಮಾತು, ಕೊನೆಗೆ ಮುಂದಿನ ಪತ್ರ ಯಾವಾಗ ಎಂಬುದು. ಅಕ್ಕ ತಮ್ಮನಿಗೆ ಬರೆಯಬಹುದಾದ ಒಂದು ಮಾದರಿ ಹೀಗಿದೆ:

"ಪ್ರೀತಿಯ ತಮ್ಮಗ ಅಕ್ಕನ ಆಶೀರ್ವಾದಗಳು. ನಾವೆಲ್ಲಾ ಆರಾಮ ಇದ್ದೇವಿ. ನೀನೂ ಆರಾಮ ಇರಬೇಕು. ಅವ್ವನ ಮೊಣಕಾಲ ನೋವು ಸ್ವಲ್ಪ ಕಡಿಮಿ ಆಗೇದ. ಊರಾಗ ಜ್ವಾಳದ ರಾಶಿ ಮುಗೀತು. ನಿನ್ನ ಮಗಳು ಈಗ ಮೂರರ ಮಗ್ಗಿ ತಪ್ಪಿಲ್ಲದ ಹೇಳತಾಳ.

ಕುಡಿಯೋದು ಬಿಟ್ಟ ಮ್ಯಾಲ ನಿನಗ ನಿದ್ದಿ ಬರತದೋ ಇಲ್ಲೋ ಅನ್ನೋದು ನನಗ ಚಿಂತಿ. ಬರಲಿಲ್ಲಂದ್ರ ಅಲ್ಲಿನ ಡಾಕ್ಟರಿಗೆ ಹೇಳು, ನಾಚಿಕಿ ಮಾಡಬ್ಯಾಡ. ಎಷ್ಟು ದಿನ ಆತು ಅಂತ ನಾ ಲೆಕ್ಕ ಕೇಳಾಂಗಿಲ್ಲ. ಹೇಳಬೇಕು ಅನ್ನಿಸಿದ್ರ ನೀನ ಬರಿ. ನಡುವ ತಪ್ಪಿದ್ರೂ ಬರಿ, ನಾ ಪತ್ರ ಬಿಡಾಂಗಿಲ್ಲ.

ಸಾಲದ ಮಾತು, ಕೋರ್ಟಿನ ಮಾತು ವಕೀಲರ ಮುಂದ ಆಡೋಣು. ಮುಂದಿನ ಪತ್ರ ಅಮಾಸಿ ಆದ ಮ್ಯಾಲ ಹಾಕತೀನಿ. ಇಂತಿ ನಿನ್ನ ಅಕ್ಕ."

ಈ ಪತ್ರದಲ್ಲಿ ಆಣೆ ಇಲ್ಲ, ಬೆದರಿಕೆ ಇಲ್ಲ. ಒಂದು ನಿಜವಾದ ಪ್ರಶ್ನೆ ಇದೆ, ಅದಕ್ಕೆ ಅವನು ಉತ್ತರ ಕೊಡಬಲ್ಲ. ತಪ್ಪಿದರೂ ಹೇಳಲು ಜಾಗ ಇದೆ. ಮುಂದಿನ ಪತ್ರಕ್ಕೆ ದಿನ ಗೊತ್ತುಮಾಡಿದೆ. ಈ ಕೊನೆಯದು ಬಹಳ ಮುಖ್ಯ. ಹೇಳಿದ ದಿನಕ್ಕೆ ಪತ್ರ ಬರುತ್ತದೆ ಎಂಬ ನಂಬಿಕೆ ಒಳಗಿರುವವನಿಗೆ ಆಧಾರ. ವಾರಕ್ಕೊಂದು ಬರೆಯುತ್ತೇನೆಂದು ಹೇಳಿ ಮೂರನೇ ವಾರಕ್ಕೆ ನಿಲ್ಲಿಸುವುದಕ್ಕಿಂತ ತಿಂಗಳಿಗೊಂದನ್ನು ತಪ್ಪದೆ ಬರೆಯುವುದು ಮೇಲು.

ಏನು ಬರೆಯಬಾರದು?

1. ಪ್ರಕರಣದ ವಿಷಯ. ಅಂದು ಏನಾಯಿತು, ಯಾರಿದ್ದರು, ಸಾಕ್ಷಿ ಯಾರು ಎಂಬ ಯಾವ ಮಾತೂ ಬೇಡ. ಕ್ಷಮೆ ಕೇಳುವ ಭರದಲ್ಲಿ ಕೈದಿ ಬರೆದ ಒಂದು ಸಾಲು ಅವನಿಗೇ ಮುಳುವಾಗಬಹುದು.

2. ತಪ್ಪುಗಳ ಪಟ್ಟಿ. ಎ.ಎ.ಯ ಹನ್ನೆರಡು ಹೆಜ್ಜೆಗಳಲ್ಲಿ ನಾಲ್ಕನೆಯದು ತನ್ನ ಗುಣದೋಷಗಳನ್ನು ನಿರ್ಭಯವಾಗಿ ಪರಿಶೀಲಿಸುವುದು, ಐದನೆಯದು ಅದನ್ನು ಇನ್ನೊಬ್ಬರ ಮುಂದೆ ಒಪ್ಪಿಕೊಳ್ಳುವುದು. ಅನೇಕರು ಈ ಪರಿಶೀಲನೆಯನ್ನು ಬರೆದಿಡುತ್ತಾರೆ. ವಿಚಾರಣೆ ಬಾಕಿಯಿರುವವರು ಇದನ್ನು ಅಂಚೆಯಲ್ಲಿ ಕಳಿಸಬಾರದು. ಈ ಹೆಜ್ಜೆ ಹೊರಗೆ ಬಂದ ಮೇಲೆ, ಎದುರು ಕೂತು ಆಗಲಿ.

3. ಆಣೆ ಪ್ರಮಾಣ. "ನಿನ್ನ ಮಗಳ ಮೇಲೆ ಆಣೆ ಮಾಡು" ಎಂದು ಬರೆಯಬೇಡಿ. ಆಣೆ ಮುರಿದವನು ಮುಂದೆ ಸುಳ್ಳು ಹೇಳುತ್ತಾನೆ, ಇಲ್ಲವೇ ಪತ್ರವನ್ನೇ ನಿಲ್ಲಿಸುತ್ತಾನೆ.

4. ಈಡೇರಿಸಲಾಗದ ಮಾತು. "ಮುಂದಿನ ತಿಂಗಳು ಬಿಡಿಸಿಕೊಂಡು ಬರುತ್ತೇವೆ" ಎಂದು ವಕೀಲರು ಹೇಳದೆ ಬರೆಯಬೇಡಿ.

5. ಹಣದ ಆತುರ. ಒಳಗಿನಿಂದ "ಇಷ್ಟು ದುಡ್ಡು ಇಂಥವನಿಗೆ ಕೊಡಿ, ಏಕೆಂದು ಕೇಳಬೇಡಿ" ಎಂಬ ಪತ್ರವೋ ಫೋನೋ ಬಂದರೆ ಅದು ಒಳಗಿನ ಚಟದ ಸಾಲವಿರಬಹುದು. ಅಪರಿಚಿತರಿಗೆ ಹಣ ಕೊಡಬೇಡಿ. ಭೇಟಿಯಲ್ಲಿ ನೇರವಾಗಿ ಕೇಳಿ, ವಕೀಲರಿಗೂ ತಿಳಿಸಿ.

ಕೈದಿಯ ಪತ್ರದಲ್ಲಿ ಸಾಯುವ ಮಾತು, ಬೀಳ್ಕೊಡುವ ಮಾತು, "ನನ್ನ ವಸ್ತುಗಳನ್ನು ಇಂಥವರಿಗೆ ಕೊಡಿ" ಎಂಬ ಮಾತು ಕಂಡರೆ ಉತ್ತರ ಬರೆಯುತ್ತಾ ಕೂರಬೇಡಿ. ಅದೇ ದಿನ ಜೈಲಿಗೆ ಫೋನ್ ಮಾಡಿ, ವಕೀಲರಿಗೆ ತಿಳಿಸಿ, ಆ ಪತ್ರದ ನಕಲನ್ನು ಸೂಪರಿಂಟೆಂಡೆಂಟರಿಗೆ ಕೊಡಿ.

ಬರೆಯುವುದು ಕೈದಿಯ ಹಕ್ಕೇ?

ಜೈಲಿಗೆ ಹೋದ ಮಾತ್ರಕ್ಕೆ ಮನುಷ್ಯನ ಎಲ್ಲ ಹಕ್ಕುಗಳೂ ಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹಲವು ಬಾರಿ ಹೇಳಿದೆ. ಇದರಲ್ಲಿ ಒಂದು ಪತ್ರದ ಪಾತ್ರವೇ ದೊಡ್ಡದು. ತಿಹಾರ್ ಜೈಲಿನಲ್ಲಿದ್ದ ಸುನಿಲ್ ಬಾತ್ರಾ ಇನ್ನೊಬ್ಬ ಕೈದಿಗೆ ಆದ ಚಿತ್ರಹಿಂಸೆಯ ಬಗ್ಗೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯೊಬ್ಬರಿಗೆ ಪತ್ರ ಬರೆದರು. ಕೋರ್ಟು ಆ ಪತ್ರವನ್ನೇ ಅರ್ಜಿಯಾಗಿ ತೆಗೆದುಕೊಂಡು 1979ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟಿತು. ಕೈದಿಗಳಿಗೆ ಮನೆಯವರ ಭೇಟಿ ಎಷ್ಟು ಮುಖ್ಯ ಎಂಬುದನ್ನೂ ಆ ತೀರ್ಪು ಎತ್ತಿಹಿಡಿಯಿತು. 1981ರ ಫ್ರಾನ್ಸಿಸ್ ಕೊರಾಲಿ ಮುಲಿನ್ ಪ್ರಕರಣದಲ್ಲಿ ಬಂಧಿತರು ಕುಟುಂಬದವರನ್ನೂ ವಕೀಲರನ್ನೂ ಕಾಣುವುದು ಬದುಕುವ ಹಕ್ಕಿನ ಭಾಗ ಎಂದಿತು.

ಮಾದಕ ವಸ್ತು ಪ್ರಕರಣದಲ್ಲಿರುವವರು 1985ರ ಎನ್‌ಡಿಪಿಎಸ್ ಕಾಯ್ದೆಯ ಎರಡು ಕಲಮುಗಳನ್ನು ವಕೀಲರಲ್ಲಿ ಕೇಳಿ ತಿಳಿಯಬೇಕು. ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ತಪ್ಪಿತಸ್ಥನಾದ ವ್ಯಸನಿಯನ್ನು ಜೈಲಿನ ಬದಲು ಚಿಕಿತ್ಸೆಗೆ ಕಳಿಸಲು 39ನೇ ಕಲಮು ಕೋರ್ಟಿಗೆ ಅಧಿಕಾರ ಕೊಡುತ್ತದೆ. ಇಂಥದೇ ಆರೋಪ ಇರುವ ವ್ಯಸನಿ ತಾನಾಗಿ ಚಿಕಿತ್ಸೆ ಬಯಸಿ ಪೂರ್ಣಗೊಳಿಸಿದರೆ 64ಎ ಕಲಮಿನಡಿ ವಿಚಾರಣೆಯಿಂದ ರಕ್ಷಣೆ ಕೇಳಬಹುದು. ವಕೀಲರನ್ನು ಇಡಲು ಶಕ್ತಿಯಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಉಚಿತವಾಗಿ ಕೊಡುತ್ತದೆ.

ಬಿಡುಗಡೆಯ ನಂತರದ ಎರಡು ವಾರ

ಪತ್ರದಲ್ಲಿ ಮೊದಲಿನಿಂದಲೇ ಸಿದ್ಧಮಾಡಬೇಕಾದದ್ದು ಇದನ್ನು. 2022ರ ಕೊನೆಯಲ್ಲಿ ದೇಶದ ಜೈಲುಗಳಲ್ಲಿದ್ದವರ ಪೈಕಿ ಶೇ. 75.8ರಷ್ಟು ಜನ ವಿಚಾರಣಾಧೀನರು. ಅಂಥವರಿಗೆ ಬಿಡುಗಡೆಯ ದಿನ ಮೊದಲೇ ಗೊತ್ತಿರುವುದಿಲ್ಲ. ಒಂದು ಮಧ್ಯಾಹ್ನ ಜಾಮೀನು ಸಿಕ್ಕಿ ಸಂಜೆಗೆ ಹೊರಗೆ ಬಂದುಬಿಡಬಹುದು.

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಬಿಡುಗಡೆಯಾದ 30,237 ಕೈದಿಗಳ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಮೊದಲ ಎರಡು ವಾರಗಳಲ್ಲಿ ಅವರು ಮಾದಕ ಪದಾರ್ಥದ ಅತಿಸೇವನೆಯಿಂದ ಸಾಯುವ ಅಪಾಯ ಅಲ್ಲಿನ ಸಾಮಾನ್ಯ ಜನರಿಗಿಂತ 129 ಪಟ್ಟು ಹೆಚ್ಚಿತ್ತು. ಇದಕ್ಕೆ ಒಂದು ದೊಡ್ಡ ಕಾರಣ ಸರಳ. ತಿಂಗಳುಗಟ್ಟಲೆ ಸೇವಿಸದೆ ಇದ್ದ ದೇಹಕ್ಕೆ ಹಳೆಯ ಪ್ರಮಾಣವನ್ನು ತಡೆಯುವ ಶಕ್ತಿ ಉಳಿದಿರುವುದಿಲ್ಲ. ಬ್ರೌನ್ ಶುಗರ್‌ನಂಥ ಅಫೀಮು ಜಾತಿಯ ವಸ್ತುಗಳಲ್ಲಿ ಹಿಂದಿನಷ್ಟೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಈ ಮಾತನ್ನು ಅವನಿಗೆ ಭೇಟಿಯಲ್ಲಿ ಬಾಯಾರೆ ಹೇಳಿ.

ಪತ್ರದಲ್ಲಿ ಕೇಳಿ ನಿರ್ಧರಿಸಬೇಕಾದ ಸಂಗತಿಗಳು:

* ಬಿಡುಗಡೆಯ ದಿನ ಗೇಟಿನಲ್ಲಿ ಯಾರು ಇರುತ್ತಾರೆ? ಹಳೆಯ ಗೆಳೆಯರಿಗಿಂತ ಮೊದಲು ಮನೆಯವರು ಅಲ್ಲಿರಬೇಕು.
* ಮೊದಲ ರಾತ್ರಿ ಎಲ್ಲಿ? ಮಂಗೋರ್ ಹಿಲ್‌ನ ಅದೇ ಓಣಿಯಲ್ಲೋ ಊರಲ್ಲೋ? ಊರಿಗೆ ಹೋಗುವುದಾದರೆ ಜಾಮೀನಿನ ಷರತ್ತು ಗೋವಾ ಬಿಡಲು ಒಪ್ಪುತ್ತದೆಯೇ?
* ಮೊದಲ ವಾರದಲ್ಲೇ ಯಾವ ವೈದ್ಯರನ್ನು ಕಾಣುವುದು? ಕುಡಿತದ ಆಸೆ ತಗ್ಗಿಸುವ ಔಷಧಗಳಿವೆ, ಅವುಗಳನ್ನು ವೈದ್ಯರೇ ಕೊಡಬೇಕು. ಅವನಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ ಕೊಡುವ ಮಾತ್ರೆಗಳು ಜೀವಕ್ಕೆ ಕುತ್ತು ತರಬಹುದು. ಇದನ್ನು ಯಾರು ಹೇಳಿದರೂ ಮಾಡಬೇಡಿ.
* ಪತ್ರ ಬರೆಯುತ್ತಿದ್ದ ಹಿರಿಯರನ್ನು ಅವನು ಯಾವ ದಿನ ಭೇಟಿಯಾಗುತ್ತಾನೆ?
* ಮೊದಲ ತಿಂಗಳ ಪಗಾರ ಯಾರ ಕೈಯಲ್ಲಿರಬೇಕು? ಇದನ್ನು ಅವನ ಬಾಯಿಂದಲೇ ಹೇಳಿಸಿ.

ನೆರವಿಗೆ

* ಮಾದಕ ವ್ಯಸನಮುಕ್ತಿ ರಾಷ್ಟ್ರೀಯ ಸಹಾಯವಾಣಿ: 14446
* ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ: 14416 (2022ರ ಅಕ್ಟೋಬರ್‌ನಲ್ಲಿ ಆರಂಭ, ಕನ್ನಡದಲ್ಲೂ ಮಾತಾಡಬಹುದು)
* ಉಚಿತ ಕಾನೂನು ನೆರವು: 15100
* ಗೋವಾದಲ್ಲಿ: ಬಾಂಬೊಳಿಯ ಮನೋವೈದ್ಯಕೀಯ ಮತ್ತು ಮಾನವ ವರ್ತನೆ ಸಂಸ್ಥೆ (ಐಪಿಎಚ್‌ಬಿ)
* ಉತ್ತರ ಕರ್ನಾಟಕದಲ್ಲಿ: ಧಾರವಾಡದ ಡಿಮ್ಹಾನ್ಸ್. ಬೆಂಗಳೂರಿನಲ್ಲಿ: ನಿಮ್ಹಾನ್ಸ್ ವ್ಯಸನ ಚಿಕಿತ್ಸಾ ವಿಭಾಗ

ಕೊನೆಯದಾಗಿ ಮನೆಯವರಿಗೆ ಒಂದು ಮಾತು. ಪತ್ರ ಬರೆದವರ ಕರ್ತವ್ಯ ಪತ್ರದೊಂದಿಗೆ ಮುಗಿಯುತ್ತದೆ. ಬಿಡುವುದು ಬಿಡದಿರುವುದು ಅವನ ಕೈಯಲ್ಲಿದೆ. ಅವನು ಮತ್ತೆ ಕುಡಿದರೆ ಅದು ನಿಮ್ಮ ಪತ್ರದ ಸೋಲಲ್ಲ. ಹೊಡೆತ ತಿಂದ ಹೆಂಡತಿ ಪತ್ರ ಬರೆಯಲೇಬೇಕು ಎಂದು ಯಾರೂ ಒತ್ತಾಯಿಸಬಾರದು. ಅವಳಿಗೆ ಮನಸ್ಸು ಬಂದಾಗ, ಬಂದರೆ, ಬರೆಯಲಿ. ಅಲ್ಲಿಯವರೆಗೆ ಅಕ್ಕ, ತಮ್ಮ, ಮಾವ, ಊರಿನ ಗುರುಗಳು ಯಾರಾದರೂ ಒಬ್ಬರು ತಿಂಗಳಿಗೊಂದು ಇನ್‌ಲ್ಯಾಂಡ್ ಲೆಟರ್ ಹಾಕುತ್ತಿದ್ದರೆ ಸಾಕು.